ಅಂಕ ಕುಸಿದ ವರ್ಷ: ಕಾಯಬೇಕೇ, ಕಾಲೇಜು ಸೇರಬೇಕೇ?

2025ರ ಏಪ್ರಿಲ್ 8ರಂದು ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ಸಂಜೆ ನಮ್ಮ ಬಡಾವಣೆಯ ದರ್ಜಿಯೊಬ್ಬರು ಮಗಳನ್ನು ಕರೆದುಕೊಂಡು ಮನೆಗೆ ಬಂದರು. ಹುಡುಗಿ ತಲೆ ಎತ್ತಲಿಲ್ಲ. ಅಪ್ಪ ಮೊಬೈಲಿನಲ್ಲಿದ್ದ ಅಂಕಪಟ್ಟಿಯನ್ನು ನನ್ನ ಮುಂದೆ ಹಿಡಿದರು. ಭೌತಶಾಸ್ತ್ರ 52, ರಸಾಯನಶಾಸ್ತ್ರ 57, ಗಣಿತ 44. ಪಾಸಾಗಿದ್ದಾಳೆ, ನಿಜ. ಆದರೆ ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಎರಡನೆಯವಳಾಗಿದ್ದ, ಪ್ರಥಮ ಪಿಯುಸಿಯಲ್ಲಿ ಶೇ 85ರ ಆಸುಪಾಸಿನಲ್ಲಿದ್ದ ಹುಡುಗಿಯ ಅಂಕಗಳು ಇವಲ್ಲ. ಫೆಬ್ರುವರಿಯಲ್ಲಿ ಕಾಮಾಲೆ ಬಂದು ಮೂರು ವಾರ ಹಾಸಿಗೆ ಹಿಡಿದಿದ್ದಳು. ಪರೀಕ್ಷೆಯ ಹೊತ್ತಿಗೆ ಎದ್ದು ಕುಳಿತಿದ್ದೇ ಹೆಚ್ಚು.

‘ಮೇಷ್ಟ್ರೇ, ಈ ಅಂಕಕ್ಕೆ ಯಾವ ಕಾಲೇಜು ಸಿಗುತ್ತೆ? ಒಂದು ವರ್ಷ ಬಿಟ್ಟು ಮತ್ತೆ ಬರೆಸೋದೋ, ಸಿಕ್ಕಿದ್ದಕ್ಕೆ ಸೇರಿಸಿಬಿಡೋದೋ, ನೀವೇ ಹೇಳಿ’ ಎಂದರು ಆತ.

ಮೂರು ದಶಕಗಳ ಕಾಲ ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದ ನನಗೆ ಈ ಪ್ರಶ್ನೆ ಹೊಸದಲ್ಲ. ಪ್ರತಿ ವರ್ಷವೂ ಫಲಿತಾಂಶದ ಮರುದಿನದಿಂದ ಉಪನ್ಯಾಸಕರ ಕೊಠಡಿಯ ಬಾಗಿಲಲ್ಲಿ ಇದೇ ಪ್ರಶ್ನೆ ಹೊತ್ತ ಪಾಲಕರು ನಿಲ್ಲುತ್ತಾರೆ. ಬಹುಕಾಲ ನನ್ನಲ್ಲಿ ಇದಕ್ಕೆ ಒಂದೇ ಸಿದ್ಧ ಉತ್ತರವಿತ್ತು: ‘ಬುದ್ಧಿವಂತ ಮಗು, ಒಂದು ವರ್ಷ ಹೋದರೆ ಹೋಯಿತು, ಚೆನ್ನಾಗಿ ಓದಿ ಮತ್ತೆ ಬರೆಯಲಿ.’ ಆ ಉತ್ತರವನ್ನು ನಾನು ಈಗ ಕೊಡುವುದಿಲ್ಲ. ಏಕೆ ಕೊಡುವುದಿಲ್ಲ ಎಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಬದಲಾದ ವೇಳಾಪಟ್ಟಿ

ನಮ್ಮ ಕಾಲದಲ್ಲಿ ಮಾರ್ಚ್–ಏಪ್ರಿಲ್ ಪರೀಕ್ಷೆಯಲ್ಲಿ ಎಡವಿದವನಿಗೆ ಸೆಪ್ಟೆಂಬರ್–ಅಕ್ಟೋಬರ್ ಪರೀಕ್ಷೆಯೇ ಗತಿಯಾಗಿತ್ತು. ಅದರ ಫಲಿತಾಂಶ ಬರುವಷ್ಟರಲ್ಲಿ ಪದವಿ ಕಾಲೇಜುಗಳಲ್ಲಿ ಅರ್ಧ ಪಾಠ ಮುಗಿದಿರುತ್ತಿತ್ತು. ಹಾಗಾಗಿ ‘ಒಂದು ವರ್ಷ ಹೋಯಿತು’ ಎಂಬುದು ಬರಿಯ ಮಾತಾಗಿರದೆ ವಾಸ್ತವವೂ ಆಗಿತ್ತು. ಆ ಕಾಲದ ಭಯವನ್ನು ಅನುಭವಿಸಿದ ಅಪ್ಪ ಅಮ್ಮಂದಿರೇ ಇಂದು ಮಕ್ಕಳ ಪರವಾಗಿ ನಿರ್ಧಾರ ಕೈಗೊಳ್ಳುತ್ತಿದ್ದಾರೆ. ಆದರೆ ವ್ಯವಸ್ಥೆ ಬದಲಾಗಿದೆ ಎಂಬುದು ಇನ್ನೂ ಎಷ್ಟೋ ಮನೆಗಳನ್ನು ತಲುಪಿಲ್ಲ.

2024ರಲ್ಲಿ ರಾಜ್ಯದಲ್ಲಿ ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಜಾರಿಯಾಗಿತ್ತು. ಹಿಂದಿನ ಪೂರಕ ಪರೀಕ್ಷೆ ಎಂಬ ಹೆಸರು ಹೋಗಿ ಪರೀಕ್ಷೆ–1, ಪರೀಕ್ಷೆ–2, ಪರೀಕ್ಷೆ–3 ಎಂಬ ಹೆಸರುಗಳು ಬಂದವು. ಅನುತ್ತೀರ್ಣರಾದವರಷ್ಟೇ ಅಲ್ಲ, ಪಾಸಾಗಿಯೂ ಅಂಕ ಸಾಲದೆಂದು ಅನ್ನಿಸಿದವರೂ ಮುಂದಿನ ಪರೀಕ್ಷೆ ಬರೆಯಬಹುದು. ಬರೆದ ಪರೀಕ್ಷೆಗಳಲ್ಲಿ ಉತ್ತಮವಾದ ಅಂಕವೇ ಉಳಿಯುತ್ತದೆ. ಎರಡನೆಯ ಸಲ ಅಂಕ ಕಡಿಮೆಯಾದರೆ ಮೊದಲಿನದೂ ಹೋದೀತೆಂಬ ಅಂಜಿಕೆಗೆ ಇಲ್ಲಿ ಜಾಗವಿಲ್ಲ. 2025ರಲ್ಲಿ ಮೊದಲ ಪರೀಕ್ಷೆಯ ಫಲಿತಾಂಶ ಏಪ್ರಿಲ್ 8ಕ್ಕೆ ಬಂದರೆ, ಎರಡನೆಯ ಪರೀಕ್ಷೆ ಏಪ್ರಿಲ್ 24ಕ್ಕೇ ಆರಂಭವಾಯಿತು. ಜೂನ್‌ನಲ್ಲಿ ಮೂರನೆಯದು ನಡೆಯಿತು.

ಮೊದಲ ಪರೀಕ್ಷೆಯಲ್ಲಿ ಉತ್ತೀರ್ಣರಾದವರ ಪ್ರಮಾಣ 2024ರಲ್ಲಿ ಶೇ 81.15 ಇದ್ದದ್ದು 2025ರಲ್ಲಿ ಶೇ 73.45ಕ್ಕೆ ಇಳಿಯಿತು. ಅಂದರೆ 2025ರಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳು ಮೊದಲ ಯತ್ನದಲ್ಲಿ ದಾಟಲಿಲ್ಲ. ದಾಟಿಯೂ ಬಯಸಿದ ಅಂಕ ಬಾರದವರನ್ನು ಈ ಲೆಕ್ಕ ಹೇಳುವುದೇ ಇಲ್ಲ. ಇಷ್ಟು ಮಕ್ಕಳಿಗೆ ಎದುರಾಗುವ ಸಂಗತಿಯನ್ನು ಒಂದೊಂದು ಮನೆಯೂ ತನಗೊಬ್ಬರಿಗೇ ಬಂದ ಅವಮಾನವೆಂದು ಭಾವಿಸಿ ಬಾಗಿಲು ಹಾಕಿಕೊಳ್ಳುತ್ತದೆ. ಅವಮಾನದ ಗಳಿಗೆಯಲ್ಲಿ ತೆಗೆದುಕೊಳ್ಳುವ ನಿರ್ಧಾರಗಳು ಎರಡೇ ಬಗೆಯವು. ಒಂದೋ, ನೆಂಟರು ಕೇಳುವ ಮೊದಲೇ ಯಾವುದಾದರೊಂದು ಕಾಲೇಜಿಗೆ ಸೇರಿಸಿಬಿಡುವುದು. ಇಲ್ಲವೇ, ಮುಂದಿನ ವರ್ಷ ದೊಡ್ಡ ಅಂಕ ತೋರಿಸಿ ಬಾಯಿ ಮುಚ್ಚಿಸುತ್ತೇವೆಂದು ಮಗುವನ್ನು ಕೂರಿಸುವುದು. ಎರಡರಲ್ಲಿಯೂ ಯೋಚನೆ ಇರುವುದು ನೆಂಟರ ಬಗ್ಗೆಯೇ ಹೊರತು ಮಗುವಿನ ಬಗ್ಗೆ ಅಲ್ಲ.

ಕುಸಿದದ್ದು ಏಕೆ?

ಕಾಯಬೇಕೋ ಸೇರಬೇಕೋ ಎಂದು ಕೇಳುವ ಮೊದಲು ಅಂಕ ಏಕೆ ಕುಸಿಯಿತು ಎಂದು ಕೇಳಬೇಕು. ಕಾಯಿಲೆ, ಮನೆಯಲ್ಲೊಂದು ಸಾವು, ಪರೀಕ್ಷೆಯ ದಿನದ ಗಾಬರಿ: ಇವು ಒಮ್ಮೆ ಬಂದು ಹೋಗುವ ಕಾರಣಗಳು. ಕಲಿತದ್ದು ತಲೆಯಲ್ಲಿ ಇರುತ್ತದೆ, ಕಾಗದಕ್ಕೆ ಇಳಿದಿರುವುದಿಲ್ಲ ಅಷ್ಟೆ. ಇಂಥವರಿಗೆ ವರ್ಷ ಬೇಕಾಗಿಲ್ಲ, ಮೂರೋ ನಾಲ್ಕೋ ವಾರ ಸಾಕು. ಎರಡನೆಯ ಪರೀಕ್ಷೆ ಇರುವುದೇ ಅವರಿಗಾಗಿ. ತಾನು ಚೆನ್ನಾಗಿಯೇ ಬರೆದಿದ್ದೆ ಎಂಬ ನಂಬಿಕೆ ಇರುವವರು ಮೊದಲು ಉತ್ತರ ಪತ್ರಿಕೆಯ ಪ್ರತಿ ತರಿಸಿ ನೋಡಬೇಕು. ಮರುಎಣಿಕೆಗೆ, ಮರುಮೌಲ್ಯಮಾಪನಕ್ಕೆ ಅವಕಾಶವಿದೆ. ಆ ಪ್ರತಿಯನ್ನು ವಿಷಯದ ಉಪನ್ಯಾಸಕರ ಮುಂದೆ ಇಟ್ಟರೆ ಅರ್ಧ ಗಂಟೆಯಲ್ಲಿ ನಿಜ ತಿಳಿಯುತ್ತದೆ.

ಇನ್ನೊಂದು ಬಗೆಯ ಕಾರಣ ಆಳದ್ದು. ಎಂಟನೆಯ ತರಗತಿಯ ಬೀಜಗಣಿತವೇ ಗಟ್ಟಿಯಾಗದೆ ಪಿಯುಸಿಯ ಕಲನಶಾಸ್ತ್ರಕ್ಕೆ ಬಂದವರು, ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಪುಸ್ತಕದ ಎದುರು ಎರಡು ವರ್ಷ ಮೌನವಾಗಿ ಕುಳಿತವರು ಈ ಗುಂಪಿಗೆ ಸೇರುತ್ತಾರೆ. ಇವರಿಗೆ ಮೂರು ವಾರ ಸಾಲದು. ಅದೇ ಪುಸ್ತಕವನ್ನು ಅದೇ ರೀತಿಯಲ್ಲಿ ಇನ್ನೊಂದು ವರ್ಷ ಓದಿಸಿದರೂ ಸಾಲದು. ಕಲಿಸುವ ಕ್ರಮವೇ ಬದಲಾಗಬೇಕು. ಹಾಗೆ ಬದಲಿಸುವ ಏರ್ಪಾಡು ಇದೆಯೆಂದಾದರೆ ಮಾತ್ರ ಕಾಯುವುದಕ್ಕೆ ಅರ್ಥವಿದೆ.

ಮೂರನೆಯದು, ವಿಷಯದ ಮೇಲೆಯೇ ಮನಸ್ಸಿಲ್ಲದಿರುವುದು. ಅಪ್ಪನ ಆಸೆಗೆ ವಿಜ್ಞಾನ ಹಿಡಿದ ಹುಡುಗನಿಗೆ ಕಡಿಮೆ ಅಂಕ ಬಂದಾಗ ಅದನ್ನು ಸೋಲೆಂದು ನೋಡದೆ ಸೂಚನೆಯೆಂದು ನೋಡಬೇಕು. ನನ್ನ ವಿದ್ಯಾರ್ಥಿಯೊಬ್ಬ ಲಾಂಗ್ ಟರ್ಮ್ ಬ್ಯಾಚಿನಲ್ಲಿ ಒಂದಲ್ಲ, ಎರಡು ವರ್ಷ ಕಳೆದ. ಪ್ರತಿ ವರ್ಷವೂ ಅವನ ಅಂಕ ಸ್ವಲ್ಪ ಸ್ವಲ್ಪ ಏರುತ್ತಿತ್ತು, ಅವನು ಮಾತ್ರ ಸಣ್ಣಗಾಗುತ್ತ ಹೋದ. ಕೊನೆಗೆ ಬಿ.ಎ. ಸೇರಿ ಇತಿಹಾಸ ಓದಿದ. ಮೊದಲ ವರ್ಷವೇ ಅವನನ್ನು ಕೂರಿಸಿಕೊಂಡು ‘ನಿನಗೆ ಏನು ಬೇಕಪ್ಪಾ?’ ಎಂದು ಯಾರೊಬ್ಬರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಯಾವ ಬಾಗಿಲಿಗೆ ಯಾವ ಅಂಕ?

ಎರಡನೆಯ ಪ್ರಶ್ನೆ ಶುದ್ಧ ಲೆಕ್ಕದ್ದು. ಪಿಯುಸಿ ಅಂಕ ಎಲ್ಲ ಬಾಗಿಲುಗಳಿಗೂ ಒಂದೇ ರೀತಿಯ ಕೀಲಿಯಲ್ಲ. ಯಾವ ಬಾಗಿಲು ತೆರೆಯಬೇಕಾಗಿದೆ ಎಂಬುದನ್ನು ತಿಳಿಯದೆ ‘ಅಂಕ ಕಡಿಮೆಯಾಯಿತು’ ಎಂದು ಅಳುವುದರಲ್ಲಿ ಹುರುಳಿಲ್ಲ.

ಎಂಜಿನಿಯರಿಂಗ್ ವಿಷಯ ನೋಡೋಣ. ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ಆರಂಭವಾದದ್ದು 1994ರಲ್ಲಿ. ಇದರ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ 300 ಅಂಕಗಳಿಂದ ಅರ್ಧ ಪಾಲು, ಸಿಇಟಿಯ 180 ಅಂಕಗಳಿಂದ ಅರ್ಧ ಪಾಲು. ಅರ್ಹತೆಗೆ ಈ ಮೂರು ವಿಷಯಗಳಲ್ಲಿ ಒಟ್ಟು ಶೇ 45, ಮೀಸಲು ವರ್ಗಗಳಿಗೆ ಶೇ 40 ಸಾಕು. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಕಾಗದ ಹಿಡಿದು ಲೆಕ್ಕ ಹಾಕಿದರೆ, ಸಿಇಟಿಯ ಮೂರು ಅಂಕ ಪಿಯುಸಿಯ ಐದು ಅಂಕಗಳಿಗೆ ಸಮ.

ದರ್ಜಿಯ ಮಗಳ ಮೂರು ವಿಷಯಗಳ ಮೊತ್ತ 153. ಅರ್ಹತೆಗೆ ತೊಂದರೆ ಇಲ್ಲ. ಆದರೆ ರ‍್ಯಾಂಕಿನ ಲೆಕ್ಕದಲ್ಲಿ ಅದು ಐವತ್ತಕ್ಕೆ ಇಪ್ಪತ್ತೈದೂವರೆ. ಅವಳು ಎರಡನೆಯ ಪರೀಕ್ಷೆಯಲ್ಲಿ ಭೌತಶಾಸ್ತ್ರ ಮತ್ತು ಗಣಿತವನ್ನು ಮತ್ತೆ ಬರೆದು ಮೊತ್ತವನ್ನು 200ಕ್ಕೆ ಏರಿಸಿದರೆ ಅದು ಮೂವತ್ಮೂರನ್ನು ದಾಟುತ್ತದೆ. ಈ 47 ಅಂಕಗಳ ಏರಿಕೆ ಸಿಇಟಿಯಲ್ಲಿ ಹೆಚ್ಚುವರಿಯಾಗಿ 28 ಪ್ರಶ್ನೆಗಳಿಗೆ ಸರಿಯುತ್ತರ ಬರೆದಷ್ಟಕ್ಕೆ ಸಮ. ಫಲಿತಾಂಶ ಬಂದ ಎಂಟೇ ದಿನಕ್ಕೆ, ಏಪ್ರಿಲ್ 16 ಮತ್ತು 17ರಂದು ಸಿಇಟಿ ಇತ್ತು. ‘ಇವಳ ಅಂಕವೇ ಹೀಗಾಯಿತು, ಇನ್ನು ಸಿಇಟಿ ಬರೆದು ಏನು ಪ್ರಯೋಜನ?’ ಎಂದು ತಾಯಿ ಕೇಳುತ್ತಿದ್ದರಂತೆ. ನಾನು ಮೊದಲು ಹೇಳಿದ್ದು ಇಷ್ಟೇ: ‘ಅಮ್ಮಾ, ಅಳುವುದಕ್ಕೆ ಆಮೇಲೆ ಸಮಯವಿದೆ. ಎಂಟು ದಿನ ಈ ಮಗು ಓದಲಿ.’ ಪ್ರತಿ ವರ್ಷ ಈ ಎಂಟು ಹತ್ತು ದಿನಗಳಲ್ಲಿಯೇ ಎಷ್ಟೋ ಮಕ್ಕಳು ಕೈಚೆಲ್ಲುತ್ತಾರೆ. ಎರಡನೆಯ ಪರೀಕ್ಷೆಯ ಅಂಕವನ್ನು ಪರೀಕ್ಷಾ ಪ್ರಾಧಿಕಾರ ಯಾವ ಹಂತದವರೆಗೆ, ಯಾವ ರೀತಿಯಲ್ಲಿ ಸ್ವೀಕರಿಸುತ್ತದೆ ಎಂಬುದು ಆಯಾ ವರ್ಷದ ಸೂಚನೆಯಲ್ಲಿ ಇರುತ್ತದೆ. ಅದನ್ನು ಪಕ್ಕದ ಮನೆಯವರ ಬಾಯಿಂದ ಕೇಳದೆ ಸ್ವತಃ ಓದಬೇಕು.

ವೈದ್ಯಕೀಯದ ಲೆಕ್ಕ ಬೇರೆ. ಅಲ್ಲಿ ರ‍್ಯಾಂಕ್ ನಿರ್ಧಾರವಾಗುವುದು ನೀಟ್ ಒಂದರಿಂದಲೇ. ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಒಟ್ಟು ಶೇ 50, ಮೀಸಲು ವರ್ಗಗಳಿಗೆ ಶೇ 40 ಇದ್ದರೆ ಅರ್ಹತೆ ಸಿಕ್ಕಿತು. ಅದರ ಮೇಲಿನ ಅಂಕಗಳಿಂದ ವೈದ್ಯಕೀಯ ಸೀಟಿಗೆ ಲಾಭವಿಲ್ಲ. ಶೇ 62 ಬಂತೆಂದು ಪಿಯುಸಿಯನ್ನೇ ಮತ್ತೆ ಬರೆಯಲು ಹೊರಡುವ ನೀಟ್ ಆಕಾಂಕ್ಷಿ ತನ್ನ ಶ್ರಮವನ್ನು ತಪ್ಪು ಜಾಗದಲ್ಲಿ ಸುರಿಯುತ್ತಿದ್ದಾನೆ. ನೀಟ್‌ಗೆ ಗರಿಷ್ಠ ವಯೋಮಿತಿಯನ್ನು 2022ರಲ್ಲಿ ತೆಗೆದುಹಾಕಲಾಯಿತು. ಮಿತಿ ಇಲ್ಲದ್ದರಿಂದ ಅನುಕೂಲವೂ ಇದೆ, ಅಪಾಯವೂ ಇದೆ. ನಿಲ್ಲಿಸಬೇಕಾದ ವರ್ಷ ಯಾವುದೆಂದು ಅಲ್ಲಿ ಬೇರೆ ಯಾರೂ ಹೇಳುವುದಿಲ್ಲ, ಅದನ್ನು ನಾವೇ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಐಐಟಿಯ ಬಾಗಿಲು ಇದಕ್ಕೆ ತದ್ವಿರುದ್ಧ. ಜೆಇಇ ಅಡ್ವಾನ್ಸ್ಡ್ ಪರೀಕ್ಷೆಗೆ ಸತತ ಎರಡು ವರ್ಷಗಳಲ್ಲಿ ಎರಡೇ ಅವಕಾಶ. ಜೊತೆಗೆ ಹನ್ನೆರಡನೆಯ ತರಗತಿಯಲ್ಲಿ ಶೇ 75, ಪರಿಶಿಷ್ಟರಿಗೂ ಅಂಗವಿಕಲರಿಗೂ ಶೇ 65 ಇರಬೇಕು. ಇಲ್ಲವೇ ಆಯಾ ಮಂಡಳಿಯ ಅಗ್ರ 20 ಪರ್ಸೆಂಟೈಲ್‌ನಲ್ಲಿ ಬಂದಿರಬೇಕು. ಇಲ್ಲಿ ಪಿಯುಸಿ ಅಂಕ ರ‍್ಯಾಂಕನ್ನು ಏರಿಸದಿದ್ದರೂ ಕೈಗೆ ಬಂದ ಸೀಟನ್ನು ತಪ್ಪಿಸಬಲ್ಲದು.

ಇನ್ನು ಸಾಮಾನ್ಯ ಪದವಿ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ 2024–25ರಿಂದ ಮೂರು ವರ್ಷಗಳ ಪದವಿ ಮರಳಿ ಬಂದಿದೆ. ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಸೇರುವ ದಾರಿ ಬಹಳ ಹಿಂದಿನಿಂದಲೂ ಇದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಜನವರಿ ಮತ್ತು ಜುಲೈ, ಹೀಗೆ ವರ್ಷಕ್ಕೆ ಎರಡು ಬಾರಿ ಪ್ರವೇಶವಿದೆ. ಜೂನ್ ತಿಂಗಳಲ್ಲಿ ಒಂದೇ ಒಂದು ಬಸ್ಸು ಹೊರಡುತ್ತದೆ, ಅದು ತಪ್ಪಿದರೆ ನಡೆದೇ ಹೋಗಬೇಕು ಎಂಬ ಸ್ಥಿತಿ ಈಗಿಲ್ಲ.

ನಿಯಮ ಕಾಯುವುದಿಲ್ಲ

ಕಾಯುವವರು ಗಮನಿಸಬೇಕಾದ ಇನ್ನೊಂದು ಮಾತಿದೆ. ನಾವು ಒಂದು ವರ್ಷ ಕಾದರೂ ನಿಯಮಗಳು ಅಲ್ಲಿಯೇ ನಿಂತು ನಮಗಾಗಿ ಕಾಯುವುದಿಲ್ಲ.

ಕೋವಿಡ್ ಕಾರಣದಿಂದ 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಗಿ, ಹಿಂದಿನ ತರಗತಿಗಳ ಅಂಕಗಳ ಆಧಾರದ ಮೇಲೆ ಮಕ್ಕಳು ಪಾಸಾದರು. ಅವರಲ್ಲಿ ಅನೇಕರು ಒಂದು ವರ್ಷ ಕಾದು 2022ರಲ್ಲಿ ಮತ್ತೆ ಸಿಇಟಿ ಬರೆದರು. ಆದರೆ ಪರೀಕ್ಷೆ ಬರೆಯದೆ ಬಂದ ಅವರ ಪಿಯುಸಿ ಅಂಕಗಳನ್ನು ರ‍್ಯಾಂಕಿಗೆ ಪರಿಗಣಿಸಲಾಗದೆಂದು ಪ್ರಾಧಿಕಾರ ಹೇಳಿತು. ಸುಮಾರು 24 ಸಾವಿರ ಮಕ್ಕಳ ರ‍್ಯಾಂಕ್ ಕೆಳಗಿಳಿಯಿತು. ಅವರು ಹೈಕೋರ್ಟ್ ಮೆಟ್ಟಿಲು ಹತ್ತಿದರು, ಸೆಪ್ಟೆಂಬರ್‌ನಲ್ಲಿ ಏಕಸದಸ್ಯ ಪೀಠ ಅವರ ಪರವಾಗಿ ತೀರ್ಪು ನೀಡಿತು. ಮೇಲ್ಮನವಿಯ ಹಂತದಲ್ಲಿ ಎರಡೂ ವರ್ಷದ ಮಕ್ಕಳಿಗೆ ಹೊಂದುವ ಸೂತ್ರವೊಂದನ್ನು ಹುಡುಕಿ ರ‍್ಯಾಂಕ್ ಪಟ್ಟಿಯನ್ನು ಪರಿಷ್ಕರಿಸಬೇಕಾಯಿತು. ಅಷ್ಟರಲ್ಲಿ ಎರಡೂ ಗುಂಪಿನ ಮಕ್ಕಳ ತಿಂಗಳುಗಳು ಕರಗಿದ್ದವು.

2024ರ ನವೆಂಬರ್ 5ರಂದು ಜೆಇಇ ಅಡ್ವಾನ್ಸ್ಡ್ ಬರೆಯಲು ಮೂರು ಅವಕಾಶ ಎಂಬ ಪ್ರಕಟಣೆ ಹೊರಬಿತ್ತು. ಅದನ್ನು ನಂಬಿ ಕೆಲವರು ಸೇರಿದ್ದ ಕೋರ್ಸುಗಳನ್ನೇ ಬಿಟ್ಟರು. ಹದಿಮೂರು ದಿನಗಳ ನಂತರ, ನವೆಂಬರ್ 18ರಂದು, ಎರಡೇ ಅವಕಾಶ ಎಂದು ಪ್ರಕಟಣೆ ತಿರುಗಿತು. ಆ ಎರಡು ದಿನಾಂಕಗಳ ನಡುವೆ ಕೋರ್ಸು ಬಿಟ್ಟವರಿಗೆ ಪರೀಕ್ಷೆ ಬರೆಯಲು ಅವಕಾಶ ನೀಡಬೇಕೆಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಈ ಎರಡೂ ಪ್ರಸಂಗಗಳಲ್ಲಿ ನ್ಯಾಯಾಲಯ ಮಕ್ಕಳ ಕೈ ಹಿಡಿಯಿತು ಎಂಬುದು ಸಮಾಧಾನದ ವಿಷಯ. ಆದರೆ ಪ್ರವೇಶದ ನಿರ್ಧಾರವನ್ನು ನ್ಯಾಯಾಲಯದ ಭರವಸೆಯ ಮೇಲೆ ಕಟ್ಟಲಾಗದು. ಕೈಯಲ್ಲಿರುವ ಸೀಟನ್ನು ಒಂದು ಪ್ರಕಟಣೆಯ ಬಲದ ಮೇಲೆ ಬಿಡಬಾರದು. ಬಿಡಬೇಕಾದರೆ ಈಗಿರುವ ನಿಯಮದಲ್ಲಿಯೇ ತನಗೆ ಲಾಭವಿದೆ ಎಂದು ಖಚಿತವಾಗಬೇಕು.

ಆ ವರ್ಷದ ಬೆಲೆ ಯಾರು ತೆರುತ್ತಾರೆ?

ಇನ್ನು ಮೂರನೆಯ ಪ್ರಶ್ನೆ. ನನ್ನ ಸಿದ್ಧ ಉತ್ತರವನ್ನು ನಾನು ಕೈಬಿಟ್ಟದ್ದು ಈ ಪ್ರಶ್ನೆಯ ಕಾರಣದಿಂದ.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಾನು ಆಗ ಇದ್ದ ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಒಬ್ಬ ಹುಡುಗಿಗೆ ಗಣಿತದಲ್ಲಿ ಅಂಕ ಕಡಿಮೆಯಾಯಿತು. ಹತ್ತಿರದ ಪದವಿ ಕಾಲೇಜಿನಲ್ಲಿ ಬಿ.ಎಸ್ಸಿ. ಸೀಟು ಸಿಗುತ್ತಿತ್ತು. ‘ನಿನ್ನ ಯೋಗ್ಯತೆಗೆ ಇದು ಕಡಿಮೆ. ಒಂದು ವರ್ಷ ಓದು, ಒಳ್ಳೆಯ ಎಂಜಿನಿಯರಿಂಗ್ ಕಾಲೇಜೇ ಸಿಗುತ್ತದೆ’ ಎಂದೆ. ಮನೆಯವರೂ ಒಪ್ಪಿದರು. ಅವರು ಅಷ್ಟು ಬೇಗ ಒಪ್ಪಿದ್ದೇಕೆಂದು ನಾನು ಯೋಚಿಸಲಿಲ್ಲ. ಹುಡುಗಿ ಮನೆಯಲ್ಲಿ ಕುಳಿತಳು. ದೀಪಾವಳಿಯ ಹೊತ್ತಿಗೆ ಅಡುಗೆಮನೆ ಅವಳ ಪಾಲಿಗೆ ಬಂತು, ಸಂಕ್ರಾಂತಿ ಕಳೆಯುತ್ತಲೇ ಗಂಡಿನ ಕಡೆಯವರು ನೋಡಿಕೊಂಡು ಹೋದರು. ಮುಂದಿನ ಜೂನ್‌ನಲ್ಲಿ ನನ್ನ ಮೇಜಿನ ಮೇಲೆ ಲಗ್ನಪತ್ರಿಕೆ ಇತ್ತು. ಪತ್ರಿಕೆ ಕೊಡಲು ಬಂದ ಅಪ್ಪ ಸಂತೋಷದಿಂದಲೇ ಇದ್ದರು. ಹಿಂದೆ ನಿಂತಿದ್ದ ಹುಡುಗಿ ‘ಬನ್ನಿ ಸರ್’ ಎಂದಷ್ಟೇ ಹೇಳಿದಳು. ನಾನು ಹೋಗಲಿಲ್ಲ, ಹೋಗುವ ಧೈರ್ಯವಾಗಲಿಲ್ಲ.

ಅದೇ ವರ್ಷ ಅದೇ ಸಲಹೆ ಪಡೆದ ಇಬ್ಬರು ಹುಡುಗರು ಮರುವರ್ಷ ಒಳ್ಳೆಯ ರ‍್ಯಾಂಕ್ ಪಡೆದು ಎಂಜಿನಿಯರ್ ಆದರು. ಸಲಹೆ ಒಂದೇ ಆಗಿತ್ತು, ಮನೆಗಳು ಬೇರೆಯಾಗಿದ್ದವು. ಗಂಡುಮಗ ಮನೆಯಲ್ಲಿ ಕುಳಿತರೆ ಅದನ್ನು ‘ಓದುವ ವರ್ಷ’ ಎನ್ನುತ್ತಾರೆ, ಹೆಣ್ಣುಮಗಳು ಕುಳಿತರೆ ಅದು ಎಷ್ಟೋ ಮನೆಗಳಲ್ಲಿ ‘ಗಂಡು ಹುಡುಕುವ ವರ್ಷ’ವಾಗುತ್ತದೆ. ಕೂಲಿ ಮಾಡುವವರ ಮನೆಯಲ್ಲಿ ಗಂಡುಮಗನಿಗೂ ಆ ವರ್ಷ ಓದಿನದ್ದಾಗಿ ಉಳಿಯುವುದಿಲ್ಲ. ‘ಹೇಗೂ ಸುಮ್ಮನಿದ್ದಾನಲ್ಲ’ ಎಂದು ಗ್ಯಾರೇಜಿಗೋ ಅಂಗಡಿಗೋ ಕಳುಹಿಸುತ್ತಾರೆ. ಮೊದಲ ತಿಂಗಳ ಸಂಬಳದ ರುಚಿ ಹತ್ತಿದ ಮೇಲೆ ಪುಸ್ತಕ ಮತ್ತೆ ತೆರೆಯುವುದು ಕಷ್ಟ. ಕೋಚಿಂಗ್ ಸಂಸ್ಥೆಗಳ ರಿಪೀಟರ್ಸ್ ಬ್ಯಾಚ್, ಅದರ ಶುಲ್ಕ, ಹಾಸ್ಟೆಲ್ ಖರ್ಚು ಎಲ್ಲವನ್ನೂ ಭರಿಸಬಲ್ಲ ಮನೆಗೆ ‘ಒಂದು ವರ್ಷ’ ಎಂದರೆ ಒಂದು ಅರ್ಥ, ಭರಿಸಲಾಗದ ಮನೆಗೆ ಇನ್ನೊಂದೇ ಅರ್ಥ.

ಹಾಗೆಂದು ಅವಸರದಲ್ಲಿ ಸೇರುವುದೂ ಅಗ್ಗವಲ್ಲ. ಗಣಿತದಲ್ಲಿ ಹೇಗೋ ದಾಟಿದ ಮಗನನ್ನು ಜಮೀನು ಅಡವಿಟ್ಟು ಮ್ಯಾನೇಜ್‌ಮೆಂಟ್ ಸೀಟಿಗೆ ಸೇರಿಸಿದ ತಂದೆಯೊಬ್ಬರನ್ನು ಬಲ್ಲೆ. ಹುಡುಗ ಮೊದಲ ವರ್ಷದ ಗಣಿತದಲ್ಲಿಯೇ ನಿಂತ. ಪಿಯುಸಿಯಲ್ಲಿ ಕುಸಿದದ್ದು ಯಾವ ಕಾರಣಕ್ಕೋ ಆ ಕಾರಣ ಅವನ ಜೊತೆಯಲ್ಲಿಯೇ ಕಾಲೇಜಿಗೂ ಹೋಗಿತ್ತು.

ಅರ್ಜಿ ಬೇರೆ, ನಿರ್ಧಾರ ಬೇರೆ

ಹಾಗಾದರೆ ಏನು ಮಾಡಬೇಕು? ನನ್ನ ಅನುಭವದಲ್ಲಿ ಮೊದಲ ಸೂತ್ರ ಇದು: ಅರ್ಜಿ ಹಾಕುವುದಕ್ಕೂ ಸೇರುವುದಕ್ಕೂ ವ್ಯತ್ಯಾಸವಿದೆ. ಅರ್ಜಿಯನ್ನು ಈ ವರ್ಷವೇ ಹಾಕಬೇಕು. ಅಂಕ ಕಡಿಮೆ ಎಂದು ಸಿಇಟಿ ಬಿಡುವುದು, ದಾಖಲೆ ಪರಿಶೀಲನೆಗೆ ಹೋಗದಿರುವುದು, ಪದವಿ ಕಾಲೇಜಿನ ಅರ್ಜಿ ತುಂಬದಿರುವುದು ಇವೆಲ್ಲ ಯೋಚಿಸುವ ಮೊದಲೇ ನಮ್ಮ ಬಾಗಿಲನ್ನು ನಾವೇ ಮುಚ್ಚಿಕೊಂಡಂತೆ. ಏನು ಸಿಗುತ್ತದೆ ಎಂದು ತಿಳಿದ ಮೇಲೆ ಬೇಡವೆನ್ನುವುದು ಸುಲಭ. ಏನೂ ತಿಳಿಯದೆ ಬೇಡವೆಂದರೆ ಅದನ್ನು ನಿರ್ಧಾರವೆನ್ನಲಾಗದು. ಆದರೆ ಸೀಟು ಒಪ್ಪಿಕೊಂಡು ಕೊನೆಯ ಸುತ್ತಿನ ನಂತರ ಬಿಟ್ಟರೆ ಶುಲ್ಕ ನಷ್ಟವಾದೀತು, ದಂಡವೂ ಬಿದ್ದೀತು. ಯಾವ ದಿನಾಂಕದವರೆಗೆ ಹಿಂದೆ ಸರಿಯಬಹುದು ಎಂಬುದನ್ನು ಮೊದಲೇ ಗುರುತು ಹಾಕಿಕೊಳ್ಳಬೇಕು.

ಎರಡನೆಯದು, ಕಾಯುವುದಾದರೆ ಅದಕ್ಕೊಂದು ಬರಹದ ಯೋಜನೆ ಇರಬೇಕು. ಯಾವ ಪರೀಕ್ಷೆಗೆ, ಯಾವ ವಿಷಯಕ್ಕೆ, ಯಾರ ಬಳಿ, ಎಷ್ಟು ಖರ್ಚಿನಲ್ಲಿ, ಯಾವ ತಿಂಗಳಿಗೆ ಎಷ್ಟು ಪಾಠ ಎಂಬುದು ಒಂದು ಹಾಳೆಯಲ್ಲಿ ಬರೆದಿರಬೇಕು. ಆ ಹಾಳೆಯಲ್ಲಿ ಎರಡನೆಯ ಸಲವೂ ಅಂಕ ಬಾರದಿದ್ದರೆ ಏನು ಮಾಡುವುದು ಎಂಬ ಸಾಲೂ ಇರಬೇಕು. ಆ ಸಾಲನ್ನು ಬರೆಯಲು ಒಪ್ಪದ ಮನೆ ಕಾಯಲು ಸಿದ್ಧವಾಗಿಲ್ಲ ಎಂದೇ ಅರ್ಥ. ಹೆಣ್ಣುಮಗಳಾದರೆ ಆ ವರ್ಷ ಮದುವೆಯ ಮಾತಿಲ್ಲ ಎಂದು ಹಿರಿಯರು ಬಾಯಿಬಿಟ್ಟು ಹೇಳಬೇಕು. ಹೇಳಲಾರರಾದರೆ ಹುಡುಗಿ ಸಿಕ್ಕ ಕಾಲೇಜಿಗೆ ಸೇರುವುದೇ ಮೇಲು. ತರಗತಿಯಲ್ಲಿ ಹೆಸರು ಇರುವವರೆಗೆ ಅವಳಿಗೆ ‘ಓದುತ್ತಿದ್ದೇನೆ’ ಎನ್ನುವ ಹಕ್ಕು ಇರುತ್ತದೆ.

ಮೂರನೆಯದು, ಮಾತಾಡುವ ಹಕ್ಕು ಮಗುವಿಗೆ ಸಿಗಬೇಕು. ಫಲಿತಾಂಶದ ದಿನಗಳಲ್ಲಿ ಮೌನವಾಗಿ ಕೋಣೆ ಸೇರುವ ಮಗುವಿನ ಬಗ್ಗೆ ‘ತಾನೇ ಸರಿಹೋಗುತ್ತದೆ’ ಎಂಬ ಉದಾಸೀನ ಬೇಡ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಕನ್ನಡದಲ್ಲಿಯೇ ಮಾತನಾಡಬಹುದು. ಆ ಸಂಖ್ಯೆ ಅಂಕಪಟ್ಟಿಯ ಜೊತೆಯಲ್ಲಿಯೇ ಪ್ರತಿ ಮನೆಗೂ ತಲುಪಬೇಕು.

ಸರ್ಕಾರದ ಪಾಲಿನ ಕೆಲಸವೂ ಉಳಿದಿದೆ. ಮರುಪರೀಕ್ಷೆ ನಡೆಸಿದರಷ್ಟೇ ಸಾಲದು. ಮರುಪರೀಕ್ಷೆಯಲ್ಲಿ ಗೆದ್ದ ಮಗುವಿಗೆ ಸರ್ಕಾರಿ ಪದವಿ ಕಾಲೇಜಿನಲ್ಲಿ, ಹಾಸ್ಟೆಲ್‌ನಲ್ಲಿ, ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಜಾಗ ಉಳಿದಿರಬೇಕು. ವರ್ಷಕ್ಕೆ ಎರಡು ಬಾರಿ ಪ್ರವೇಶ ನೀಡಲು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2024ರಲ್ಲಿಯೇ ವಿಶ್ವವಿದ್ಯಾಲಯಗಳಿಗೆ ಅವಕಾಶ ಕೊಟ್ಟಿತು. ಅದು ಕಡ್ಡಾಯವಲ್ಲವಾದರೂ ಜಿಲ್ಲೆಗೊಂದೆರಡು ಸರ್ಕಾರಿ ಕಾಲೇಜುಗಳಲ್ಲಿ ಜನವರಿ ಪ್ರವೇಶ ಆರಂಭಿಸಿದರೂ ಎಷ್ಟೋ ಮಕ್ಕಳ ‘ಹೋದ ವರ್ಷ’ ಅರ್ಧ ವರ್ಷಕ್ಕೆ ಇಳಿಯುತ್ತದೆ. ಮರುಪರೀಕ್ಷೆ ಬರೆಯುವವರಿಗೆ ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿಯೇ ತರಗತಿ ನಡೆಯಬೇಕು. ಇಲ್ಲವಾದರೆ ಎರಡನೆಯ ಅವಕಾಶವೆಂಬುದು ಟ್ಯೂಷನ್ ಶುಲ್ಕ ತೆರಬಲ್ಲವರಿಗೆ ಮಾತ್ರ ಸಿಗುವ ಅವಕಾಶವಾಗುತ್ತದೆ.

ಆ ಸಂಜೆ ದರ್ಜಿಯ ಮಾತೆಲ್ಲ ಮುಗಿದ ಮೇಲೆ ನಾನು ಹುಡುಗಿಯನ್ನೇ ಕೇಳಿದೆ, ‘ನಿನಗೆ ಏನು ಅನ್ನಿಸುತ್ತಮ್ಮಾ?’ ಅವಳು ಅಪ್ಪನ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿ ಹೇಳಿದಳು: ‘ಸರ್, ಅಜ್ಜಿ ಈಗಾಗಲೇ ಸಂಬಂಧದ ಮಾತೆತ್ತಿದ್ದಾರೆ. ಒಂದು ವರ್ಷ ಮನೇಲಿದ್ದರೆ ನನಗೆ ಓದೋಕಾಗಲ್ಲ. ಎರಡನೇ ಪರೀಕ್ಷೆ ಬರೀತೀನಿ. ಏನು ಸಿಗುತ್ತೋ ಅದಕ್ಕೇ ಸೇರ್ತೀನಿ.’ ದರ್ಜಿ ಏನೂ ಹೇಳಲಿಲ್ಲ. ಬಹಳ ಹೊತ್ತಿನ ಮೇಲೆ ‘ಬರೀಲಿ ಬಿಡಿ, ಮೇಷ್ಟ್ರೇ’ ಎಂದರು.

ಅವಳು ಸಿಇಟಿಗೆ ಎಂಟು ದಿನ ಓದಿದಳು, ಎರಡನೆಯ ಪರೀಕ್ಷೆಗೆ ಮತ್ತೊಂದಿಷ್ಟು ದಿನ. ಭೌತಶಾಸ್ತ್ರ 70, ಗಣಿತ 73 ಆಯಿತು. ಬಯಸಿದ್ದ ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲ. ಬಸ್ಸಿನಲ್ಲಿ ಒಂದು ಗಂಟೆ ದೂರದ ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಸಿಕ್ಕಿತು, ಸೇರಿದಳು. ಕಾದಿದ್ದರೆ ಇನ್ನೂ ಒಳ್ಳೆಯ ಕಾಲೇಜು ಸಿಗುತ್ತಿತ್ತೇ? ಸಿಗುತ್ತಿತ್ತೋ ಏನೋ. ಬೇರೊಂದು ಮನೆಯ ಮಗುವಾಗಿದ್ದರೆ ನಾನೇ ‘ಕಾಯಮ್ಮಾ’ ಎನ್ನುತ್ತಿದ್ದೆನೇನೋ. ಈಗ ಬೆಳಗ್ಗೆ ಏಳೂವರೆಗೆ ನಾನು ಹಾಲು ತರಲು ಹೋಗುವಾಗ ಅವಳು ಬಸ್ ನಿಲ್ದಾಣದಲ್ಲಿ ಡ್ರಾಯಿಂಗ್ ಹಾಳೆಗಳ ಉದ್ದ ಕೊಳವೆ ಹೆಗಲಿಗೇರಿಸಿಕೊಂಡು ನಿಂತಿರುತ್ತಾಳೆ. ‘ಸರ್’ ಎಂದು ಕೈ ಎತ್ತುತ್ತಾಳೆ. ಇಪ್ಪತ್ತು ವರ್ಷಗಳ ಹಿಂದಿನ ಲಗ್ನಪತ್ರಿಕೆ ನೆನಪಾದರೂ, ಆ ಬೆಳಗುಗಳಲ್ಲಿ ಮನಸ್ಸು ಸ್ವಲ್ಪ ಹಗುರವಾಗುತ್ತದೆ.